ನೆಕ್ಸ್ಟ್ ಜೆಎಸ್ ಅಪ್‌ಗ್ರೇಡ್ ಆದರೂ ಡೆವ್ ಸರ್ವರ್ ಮೊದಲಿನಷ್ಟೇ ನಿಧಾನ

ಪ್ರಶ್ನೆ:
ನಮ್ಮ ತಂಡದ ಹಳೆಯ ಪ್ರಾಜೆಕ್ಟನ್ನು ನೆಕ್ಸ್ಟ್ ಜೆಎಸ್ (ವೆಬ್‌ಸೈಟ್ ಕಟ್ಟುವ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್) 11ರಿಂದ 13.5ಕ್ಕೆ ಅಪ್‌ಗ್ರೇಡ್ ಮಾಡಿದ್ದೇನೆ. 2021ರ ಅಕ್ಟೋಬರಿನಲ್ಲಿ ಬಂದ 12ನೇ ಆವೃತ್ತಿಯಿಂದ, ಕೋಡನ್ನು ಬ್ರೌಸರಿಗೆ ತಕ್ಕಂತೆ ಪರಿವರ್ತಿಸುವ ಬೇಬಲ್‌ನ ಬದಲು ಎಸ್‌ಡಬ್ಲ್ಯುಸಿ ಕಂಪೈಲರ್ ಕೆಲಸ ಮಾಡುತ್ತದೆಂದು ಓದಿ, ವೇಗ ಹೆಚ್ಚುತ್ತದೆಂದು ನಿರೀಕ್ಷಿಸಿದ್ದೆ. ಆದರೆ ಡೆವ್ ಸರ್ವರ್ (ಕೋಡ್ ಬರೆಯುವಾಗ ನಮ್ಮ ಕಂಪ್ಯೂಟರಿನಲ್ಲೇ ಓಡುವ ಸರ್ವರ್) ಶುರುವಾದ ಮೇಲೆ ಮುಖಪುಟ ತೆರೆಯಲು ಈಗಲೂ ಅರ್ಧ ನಿಮಿಷ ಹಿಡಿಯುತ್ತಿದೆ. ಕ್ಯಾಶ್ ಅಳಿಸಿ, ಪ್ಯಾಕೇಜುಗಳನ್ನೆಲ್ಲ ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿದರೂ ವ್ಯತ್ಯಾಸ ಕಾಣಲಿಲ್ಲ.

ಉತ್ತರ:
ಕ್ಯಾಶ್ ಅಳಿಸುವುದನ್ನು ದಯವಿಟ್ಟು ನಿಲ್ಲಿಸಿ; ಅದರಿಂದ ಮುಂದಿನ ಕಂಪೈಲ್ ಇನ್ನಷ್ಟು ನಿಧಾನವಾಗುತ್ತದೆ. ನಿಮ್ಮಲ್ಲಿ ಎಸ್‌ಡಬ್ಲ್ಯುಸಿ ನಿಜಕ್ಕೂ ಓಡುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲಿ ಬೇಬಲ್‌ನ ಕಾನ್ಫಿಗ್ ಫೈಲ್ ಉಳಿದಿದ್ದರೆ, ಅದರಲ್ಲಿರುವ ಪ್ಲಗಿನ್‌ಗಳು ನಿಮಗೆ ಬೇಕೆಂದು ಭಾವಿಸಿ ನೆಕ್ಸ್ಟ್ ಹಳೆಯ ಬೇಬಲ್‌ಗೇ ಮರಳುತ್ತದೆ. ಸರ್ವರ್ ಶುರುವಾಗುವಾಗ ಟರ್ಮಿನಲ್ಲಿನ ಮೊದಲ ಕೆಲವು ಸಾಲುಗಳನ್ನು ಗಮನಿಸಿ: ಎಸ್‌ಡಬ್ಲ್ಯುಸಿಯನ್ನು ಕೈಬಿಡಲಾಗಿದೆ ಎಂಬ ಸೂಚನೆ, ಕಾರಣವಾದ ಫೈಲಿನ ಹೆಸರಿನೊಂದಿಗೆ ಅಲ್ಲಿರುತ್ತದೆ.

ಪ್ರಶ್ನೆ ಕೇಳಿದವರು:
ಸೂಚನೆ ಇದೆ, ಕೆಳಗಿನ ಎಚ್ಚರಿಕೆಗಳ ರಾಶಿಯಲ್ಲಿ ಅದು ಮೇಲೆ ಸರಿದುಹೋಗಿತ್ತು. ಆ ಫೈಲ್ ಇರುವುದು ಎರಡು ಕಾರಣಕ್ಕೆ: ಜೆಸ್ಟ್ ಎಂಬ ಸಾಧನದಲ್ಲಿ ಓಡುವ ಕೋಡ್ ಪರೀಕ್ಷೆಗಳಿಗೆ ಮತ್ತು ಪುಟದ ಶೈಲಿಯನ್ನು ಕೋಡಿನಲ್ಲೇ ಬರೆಯಲು ಬಳಸುವ ಸ್ಟೈಲ್ಡ್ ಕಾಂಪೊನೆಂಟ್ಸ್ ಲೈಬ್ರರಿಯ ಪ್ಲಗಿನ್‌ಗೆ. ಅಳಿಸಿಬಿಡಲೇ?

ಉತ್ತರ:
ಎರಡಕ್ಕೂ ಬದಲಿ ವ್ಯವಸ್ಥೆ ಮಾಡಿಕೊಂಡು ಅಳಿಸಿ. ಜೆಸ್ಟ್‌ಗಾಗಿ ನೆಕ್ಸ್ಟ್‌ನಲ್ಲೇ ಸಿದ್ಧ ಕಾನ್ಫಿಗ್ ಇದೆ. ಅದನ್ನು ಬಳಸಿದರೆ ಪರೀಕ್ಷೆಗಳೂ ಎಸ್‌ಡಬ್ಲ್ಯುಸಿ ಮೂಲಕವೇ ಕಂಪೈಲ್ ಆಗುತ್ತವೆ. ಸ್ಟೈಲ್ಡ್ ಕಾಂಪೊನೆಂಟ್ಸ್‌ಗೆ ನೆಕ್ಸ್ಟ್ ಕಾನ್ಫಿಗ್‌ನ ಕಂಪೈಲರ್ ವಿಭಾಗದಲ್ಲಿ ಅದೇ ಹೆಸರಿನ ಆಯ್ಕೆಯನ್ನು ಟ್ರೂ ಮಾಡಿ. ಇದನ್ನು ಮರೆತರೆ ಸರ್ವರ್ ಕೊಟ್ಟ ಕ್ಲಾಸ್ ಹೆಸರಿಗೂ ಬ್ರೌಸರಿನಲ್ಲಿ ಹುಟ್ಟಿದ ಹೆಸರಿಗೂ ತಾಳೆಯಾಗದೆ ಹೈಡ್ರೇಶನ್ ದೋಷ (ಸರ್ವರ್ ಕಳಿಸಿದ ಪುಟಕ್ಕೆ ಬ್ರೌಸರಿನಲ್ಲಿ ಜೀವ ತುಂಬುವಾಗಿನ ದೋಷ) ಕಾಣಿಸಿಕೊಳ್ಳಬಹುದು, ಅದಕ್ಕೆ ಕಾರಣ ಹುಡುಕುವುದು ಬಹಳ ಕಷ್ಟ.

ವೇಗದ ವ್ಯತ್ಯಾಸಕ್ಕೆ ಕಾರಣವೂ ಸರಳವೇ: ಬೇಬಲ್ ಸ್ವತಃ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಆಗಿದ್ದು ಜಾವಾಸ್ಕ್ರಿಪ್ಟನ್ನು ಓಡಿಸುವ ನೋಡ್‌ನೊಳಗೆ ಓಡಿದರೆ, ರಸ್ಟ್ ಭಾಷೆಯಲ್ಲಿ ಬರೆದ ಎಸ್‌ಡಬ್ಲ್ಯುಸಿ ಮೊದಲೇ ಯಂತ್ರಭಾಷೆಗೆ ಇಳಿದಿರುತ್ತದೆ. ಟೈಪ್‌ಸ್ಕ್ರಿಪ್ಟ್ (ಟೈಪ್‌ಗಳನ್ನು ಸೇರಿಸಿದ ಜಾವಾಸ್ಕ್ರಿಪ್ಟ್) ಬಳಸುತ್ತಿದ್ದರೆ ಒಂದು ಮಾತು ನೆನಪಿರಲಿ: ಎಸ್‌ಡಬ್ಲ್ಯುಸಿ ಟೈಪ್‌ಗಳನ್ನು ತೆಗೆದುಹಾಕುತ್ತದೆಯೇ ಹೊರತು ಪರಿಶೀಲಿಸುವುದಿಲ್ಲ, ಹಾಗಾಗಿ ಟೈಪ್‌ಸ್ಕ್ರಿಪ್ಟ್‌ನ ಸ್ವಂತ ಕಂಪೈಲರ್ ಆದ ಟಿಎಸ್‌ಸಿಯನ್ನು ಪ್ರತ್ಯೇಕವಾಗಿ ಓಡಿಸುತ್ತಿರಿ.

ಪ್ರಶ್ನೆ ಕೇಳಿದವರು:
ಫೈಲ್ ತೆಗೆದೆ, ಆ ಸೂಚನೆ ಹೋಯಿತು, ಮುಖಪುಟ ಈಗ ಕೆಲವೇ ಸೆಕೆಂಡುಗಳಲ್ಲಿ ತೆರೆಯುತ್ತಿದೆ. ಪರೀಕ್ಷೆಗಳೆಲ್ಲ ಪಾಸಾಗಿವೆ. ಸೆಟ್ಟಿಂಗ್ಸ್ ಪುಟ ಮಾತ್ರ ಇನ್ನೂ ತಡವಾಗುತ್ತಿದ್ದು, ಅಲ್ಲಿ ನಾಲ್ಕೇ ಐಕಾನ್‌ಗಳಿದ್ದರೂ ಸಾವಿರಾರು ಮಾಡ್ಯೂಲ್‌ಗಳು (ಕೋಡ್ ಫೈಲ್‌ಗಳು) ಕಂಪೈಲ್ ಆದವೆಂದು ಟರ್ಮಿನಲ್ ತೋರಿಸುತ್ತಿದೆ.

ಉತ್ತರ:
ಐಕಾನ್ ಲೈಬ್ರರಿಯ ಮುಖ್ಯ ಇಂಡೆಕ್ಸ್ ಫೈಲಿನಿಂದ ಇಂಪೋರ್ಟ್ ಮಾಡಿರಬೇಕು. ನಾಲ್ಕು ಐಕಾನ್ ಕೇಳಿದರೂ ಡೆವ್ ಸರ್ವರ್ ಇಡೀ ಲೈಬ್ರರಿಯನ್ನೇ ಓದುತ್ತದೆ. ಕಂಪೈಲರ್ ಎಷ್ಟೇ ವೇಗವಾಗಿದ್ದರೂ ಅಷ್ಟು ಫೈಲ್‌ಗಳಿಗೆ ಹೊತ್ತು ಹಿಡಿಯುತ್ತದೆ. ಪ್ರತಿ ಐಕಾನನ್ನೂ ಅದರ ಸ್ವಂತ ಫೈಲ್ ದಾರಿಯಿಂದ ಇಂಪೋರ್ಟ್ ಮಾಡಿ ನೋಡಿ.

ಪ್ರಶ್ನೆ ಕೇಳಿದವರು:
ನಾಲ್ಕು ಸಾಲು ಬದಲಿಸಿದೆ, ಆ ಪುಟವೂ ಸರಿಹೋಯಿತು. ಮನಃಪೂರ್ವಕ ಧನ್ಯವಾದಗಳು.