ಅಪ್‌ಡೇಟ್: ಮಾವನವರ ವಿಮಾನ ಗ್ಯಾರೇಜಿನಿಂದ ಹೊರಬರುತ್ತದೆಯೇ?

ನಿವೃತ್ತ ಪೈಲಟ್ ಆದ ನಮ್ಮ ಮಾವನವರು ಪುಣೆಯ ಮನೆಯ ಗ್ಯಾರೇಜಿನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾರೆ, ಅದು ಬಾಗಿಲು ದಾಟುತ್ತದೆಯೇ ಎಂದು ಕೇಳಿದ್ದೆ. ಗೋಡೆ ಒಡೆಯಿರಿ ಎಂದವರಿಗೆಲ್ಲ ವಂದನೆ. ಗೋಡೆ ಉಳಿಯಿತು. ರೆಕ್ಕೆಗಳನ್ನು ಬಿಚ್ಚಿ ಸಾಗಿಸಿ ಏರ್‌ಫೀಲ್ಡಿನಲ್ಲಿ ಜೋಡಿಸಬಹುದಂತೆ.

ತೊಡಕು ಬೇರೆ ಕಡೆ ಇದೆ. ಮೂರು ಚಕ್ರಗಳ ಕೆಳಗೂ ತೂಕದ ಯಂತ್ರ ಇಟ್ಟು ಗುರುತ್ವ ಕೇಂದ್ರದ, ಅಂದರೆ ವಿಮಾನದ ತೂಕವೆಲ್ಲ ಸಮತೂಗುವ ಬಿಂದುವಿನ, ಲೆಕ್ಕ ಹಾಕಿದೆವು. ಅದಕ್ಕೆ ಪೈಲಟ್‌ನ ತೂಕವನ್ನೂ ಸೇರಿಸಬೇಕು. ಮಾವನವರು ಗಂಭೀರವಾಗಿ '68 ಕಿಲೋ' ಎಂದು ಬರೆದರು. "ಅದು ನಮ್ಮ ಮದುವೆಯ ವರ್ಷದ ತೂಕ" ಎಂದರು ಅತ್ತೆ. ಅಲ್ಯೂಮಿನಿಯಂ ಪಟ್ಟಿಯಿಂದ ನಾಲ್ಕು ಗ್ರಾಂ ಉಳಿಸಲು ಬೆಳಗ್ಗೆಯೆಲ್ಲ ಅರ ಉಜ್ಜುವ ಮನುಷ್ಯ, ಸಂಜೆ ಒಂದು ಪೊಟ್ಟಣ ಬಾಕರವಡಿಯನ್ನು ಒಬ್ಬರೇ ಮುಗಿಸುತ್ತಾರೆ!

ಇನ್ನು ಮಂಡಿ. ರೆಕ್ಕೆಯ ಮೇಲೆ ಹತ್ತಿ, ಕಾಲು ಮಡಿಸಿ ಕಾಕ್‌ಪಿಟ್‌ಗೆ ಇಳಿಯಬೇಕು. ಇಳಿದರು. ಏಳಲಾಗಲಿಲ್ಲ. "ಅಳಿಯಂದಿರೇ, ಉಪಕರಣಗಳನ್ನು ಪರೀಕ್ಷಿಸುತ್ತಿದ್ದೇನೆ" ಎನ್ನುತ್ತ ಊಟದ ಹೊತ್ತಿನವರೆಗೂ ಕುಳಿತೇ ಇದ್ದರು.

ಮುಂಬೈಯ ಕಾಂದಿವಲಿಯಲ್ಲಿ ಅಮೋಲ್ ಯಾದವ್ ತಾರಸಿಯ ಮೇಲೆಯೇ ವಿಮಾನ ಕಟ್ಟಿ, 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟಿದ್ದರಲ್ಲ, ಮನೆಯಲ್ಲಿ ಯಾರು ಆಕ್ಷೇಪ ಎತ್ತಿದರೂ ಮಾವನವರಿಂದ ಆ ಹೆಸರೇ ಉತ್ತರ. ನೆರೆಯವರು ಮಾತ್ರ ಬಗ್ಗಿಲ್ಲ. ತಗಡು ಜೋಡಿಸುವ ರಿವೆಟ್ ಸದ್ದಿಗೆ ರೋಸಿ ಗೇಟಿಗೆ, ಕಟುವಾದ ಚುಟುಕು ಮಾತಿಗೆ ಹೆಸರಾದ ಅಪ್ಪಟ ಪುಣೇರಿ ಫಲಕ ತೂಗುಹಾಕಿದ್ದಾರೆ: 'ಮಧ್ಯಾಹ್ನ 1ರಿಂದ 4ರವರೆಗೆ ವಿಮಾನ ಕಟ್ಟಬಾರದು.'

ಪರವಾನಗಿಯ ಕಡತ ಇನ್ನೂ ತೆರೆದಿಲ್ಲ. ಸದ್ಯ ಸೀಟಿನ ಪಕ್ಕ ಹಿಡಿದು ಏಳಲು ಒಂದು ಹಿಡಿಕೆ ಕೂರಿಸುತ್ತಿದ್ದೇವೆ. ಅದರ ತೂಕದ ಬಗ್ಗೆ ಜಗಳ ನಡೆದಿದೆ.