‘ರಾಜಗುರು’ ಎನ್ನಬಹುದೇ? ಎಲಿಜಬೆತ್ ಗ್ರೇ ವೈನಿಂಗ್ ಕುರಿತ ಬರಹಕ್ಕೆ ಬೇಕಾದ ಕೆಲವು ಪದಗಳು

ಹೈಸ್ಕೂಲು ಮಕ್ಕಳು ಓದಬಹುದಾದಂಥ ಒಂದು ವ್ಯಕ್ತಿಚಿತ್ರವನ್ನು ಬರೆಯುತ್ತಿದ್ದೇನೆ. ಎಲಿಜಬೆತ್ ಗ್ರೇ ವೈನಿಂಗ್ 1902ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, 1999ರಲ್ಲಿ ತೀರಿಕೊಂಡ ಅಮೆರಿಕದ ಲೇಖಕಿ. ಮಕ್ಕಳಿಗಾಗಿ ಬರೆದ ‘ಆಡಮ್ ಆಫ್ ದಿ ರೋಡ್’ ಕಾದಂಬರಿಗೆ 1943ರಲ್ಲಿ ನ್ಯೂಬೆರಿ ಪದಕ ಪಡೆದವರು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಅಂದರೆ 1946ರ ಅಕ್ಟೋಬರಿನಲ್ಲಿ, ಜಪಾನಿಗೆ ಹೋಗಿ ಹನ್ನೆರಡು ವರ್ಷದ ಯುವರಾಜ ಅಕಿಹಿತೊಗೆ ನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವರು. ಇಷ್ಟನ್ನು ಹೇಳುವುದು ಸುಲಭ. ಆದರೆ ಅವರು ಅರಮನೆಯಲ್ಲಿ ಏನಾಗಿದ್ದರು ಎಂಬುದಕ್ಕೆ ಒಂದು ಪದವನ್ನು ಇಡಲು ಹೋದಾಗ ತೊಡಕು ಶುರುವಾಯಿತು.

ಮೊದಲು ಹೊಳೆದದ್ದು ‘ರಾಜಗುರು’. ಕಿವಿಗೆ ಚೆನ್ನಾಗಿದೆ, ಆದರೆ ಅರ್ಥ ತಪ್ಪುತ್ತದೆ. ನಮ್ಮಲ್ಲಿ ರಾಜಗುರು ಎಂದರೆ ದೊರೆಗೆ ದೀಕ್ಷೆ ಕೊಡುವ, ಧರ್ಮವನ್ನು ತಿಳಿಸುವ ಸ್ಥಾನ. ಮೈಸೂರಿನ ಒಡೆಯರಿಗೆ ಪರಕಾಲ ಮಠದ ಸ್ವಾಮಿಗಳು ಆ ಸ್ಥಾನದಲ್ಲಿದ್ದವರು. ಅದೇ ಮೈಸೂರಿನಲ್ಲಿ ಎಳೆಯ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಲು ಬಂದ ಸ್ಟುವರ್ಟ್ ಫ್ರೇಸರ್ ಅವರನ್ನು ರಾಜಗುರು ಎಂದರೆ ಒಪ್ಪುವವರು ಯಾರೂ ಇಲ್ಲ. ವೈನಿಂಗ್ ಅವರ ವಿಷಯದಲ್ಲಿ ಈ ತಪ್ಪು ಇನ್ನೂ ದೊಡ್ಡದಾಗುತ್ತದೆ. ಸೋತ ದೇಶದ ಅರಮನೆಗೆ ಗೆದ್ದ ದೇಶದ ಒಬ್ಬ ಕ್ರೈಸ್ತ ಹೆಂಗಸು ‘ಗುರು’ವಾಗಿ ಬಂದರು ಎಂದು ಬರೆದರೆ ಮತಬೋಧನೆಗೆ ಕಳುಹಿಸಿದಂತೆ ಕೇಳುತ್ತದೆ. ನಡೆದದ್ದು ಹಾಗಲ್ಲ: ಅಮೆರಿಕದ ಶಿಕ್ಷಣ ನಿಯೋಗ ಟೋಕಿಯೊಗೆ ಬಂದಿದ್ದಾಗ, ಅದರ ಮುಖ್ಯಸ್ಥರಾದ ಜಾರ್ಜ್ ಸ್ಟಾಡರ್ಡ್ ಅವರನ್ನು ತನ್ನ ಮಗನಿಗೊಬ್ಬ ಅಮೆರಿಕನ್ ಶಿಕ್ಷಕರು ಬೇಕೆಂದು ಕೇಳಿದವರು ಸ್ವತಃ ಚಕ್ರವರ್ತಿ ಹಿರೊಹಿತೊ.

‘ಮನೆಪಾಠದ ಮೇಡಂ’ ಎಂಬುದು ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ. ಆದರೆ ಅವರ ಕೆಲಸದ ಅರ್ಧವನ್ನು ಮಾತ್ರ ಹೇಳುತ್ತದೆ. ವೈನಿಂಗ್ ಯುವರಾಜನಿಗೆ ಒಂಟಿಯಾಗಿಯೂ ಪಾಠ ಹೇಳಿದರು, ಗಕುಶುಯಿನ್ ಶಾಲೆಯಲ್ಲಿ ಅವನ ಸಹಪಾಠಿಗಳ ಜೊತೆಯಲ್ಲಿಯೂ ಹೇಳಿದರು, ಮಹಾರಾಣಿಗೂ ರಾಜಕುಮಾರಿಯರಿಗೂ ಕಲಿಸಿದರು. ಹೀಗಾಗಿ ಸದ್ಯಕ್ಕೆ ‘ಯುವರಾಜನ ಇಂಗ್ಲಿಷ್ ಉಪಾಧ್ಯಾಯಿನಿ’ ಎಂದು ಇಟ್ಟುಕೊಂಡಿದ್ದೇನೆ. ಉತ್ತರ ಕರ್ನಾಟಕದ ‘ಅಕ್ಕೋರು’ ಎಂಬ ಮಾತಿನಲ್ಲಿರುವ ಗೌರವ ಮತ್ತು ಸಲುಗೆ ಎರಡೂ ಈ ಪದದಲ್ಲಿ ಇಲ್ಲ ಎಂಬ ಕೊರತೆ ನನಗೆ ಕಾಣುತ್ತಲೇ ಇದೆ. (ಇನ್ನೊಂದು ಸಣ್ಣ ಎಚ್ಚರಿಕೆ: ‘ಬಾಲಲೇಖಕಿ’ ಎಂದರೆ ಲೇಖಕಿಯೇ ಬಾಲೆಯಾಗಿಬಿಡುತ್ತಾಳೆ, ‘ಮಕ್ಕಳ ಸಾಹಿತಿ’ ಸರಿ.)

ಎರಡನೆಯ ತೊಡಕು ‘ಕ್ವೇಕರ್’. 1933ರಲ್ಲಿ ಕಾರು ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡು, ತಾವೂ ತೀವ್ರವಾಗಿ ಗಾಯಗೊಂಡು ಚೇತರಿಸಿಕೊಂಡ ಮೇಲೆ ವೈನಿಂಗ್ ಈ ಕ್ರೈಸ್ತ ಪಂಥವನ್ನು ಸೇರಿದರು. ಕನ್ನಡದ ಮಕ್ಕಳಿಗೆ ಕ್ವೇಕರ್ ಎಂದರೆ ಓಟ್ಸ್ ಡಬ್ಬಿ. ಅದಕ್ಕೂ ಈ ಪಂಥಕ್ಕೂ ಸಂಬಂಧವಿಲ್ಲವೆಂದು ಒಂದು ಮಾತು ಬರೆಯಲೇಬೇಕು. ‘ನಡುಗುವವರು’ ಎಂಬುದು ಪದದ ಅರ್ಥ. ದೇವರ ವಾಕ್ಯಕ್ಕೆ ನಡುಗಿರಿ ಎಂದ, ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್ ಅವರನ್ನು ಡರ್ಬಿಯ ನ್ಯಾಯಾಧೀಶನೊಬ್ಬ 1650ರಲ್ಲಿ ಹಂಗಿಸಿ ಹಾಗೆ ಕರೆದನಂತೆ. ಈ ಪಂಥದವರು ತಮ್ಮನ್ನು ತಾವು ಕರೆದುಕೊಳ್ಳುವುದು ‘ಫ್ರೆಂಡ್ಸ್’ ಎಂದು, ಪಂಥವನ್ನು ‘ಸೊಸೈಟಿ ಆಫ್ ಫ್ರೆಂಡ್ಸ್’ ಎಂದು. ಅದನ್ನು ಕನ್ನಡಿಸಲು ‘ಗೆಳೆಯರ ಗುಂಪು’ ಎಂದರೆ ಧಾರವಾಡ ಮತ್ತು ಬೇಂದ್ರೆಯವರು ಕಣ್ಣ ಮುಂದೆ ಬರುತ್ತಾರೆ. ‘ಮಿತ್ರ ಮಂಡಳಿ’ ಎಂದರೆ ಬೀದಿಯ ಗಣೇಶೋತ್ಸವ ನೆನಪಾಗುತ್ತದೆ. ‘ಸೊಸೈಟಿ’ ಎಂದರೆ ಪಡಿತರದ ಅಂಗಡಿ. ಬ್ರಹ್ಮ ಸಮಾಜ, ಆರ್ಯ ಸಮಾಜಗಳ ದಾರಿಯಲ್ಲಿ ‘ಮಿತ್ರ ಸಮಾಜ’ ಎಂದರೆ ಅದೊಂದು ಧಾರ್ಮಿಕ ಕೂಟವೆಂದು ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಮೂರನೆಯದು. ಶಾಲೆಯ ಮೊದಲ ದಿನ ವೈನಿಂಗ್ ತರಗತಿಯ ಪ್ರತಿ ಹುಡುಗನಿಗೂ ಒಂದೊಂದು ಇಂಗ್ಲಿಷ್ ಹೆಸರು ಕೊಟ್ಟರು. ಯುವರಾಜನಿಗೆ ಬಂದದ್ದು ‘ಜಿಮ್ಮಿ’. ಹುಡುಗ ಒಪ್ಪಲಿಲ್ಲ, ಅಲ್ಲ, ನಾನು ಪ್ರಿನ್ಸ್ ಎಂದ. ಹೌದು, ನಿಜವಾದ ಹೆಸರು ಪ್ರಿನ್ಸ್ ಅಕಿಹಿತೊ, ಆದರೆ ಈ ತರಗತಿಯಲ್ಲಿ ಹೆಸರು ಜಿಮ್ಮಿ ಎಂದು ಅವರು ತಿಳಿಹೇಳಿದರು. ಇಂಗ್ಲಿಷಿನಲ್ಲಿ ಇಲ್ಲಿ ಯಾವ ಕಷ್ಟವೂ ಇಲ್ಲ, ಎಲ್ಲರಿಗೂ ಒಂದೇ ‘ಯು’. ಕನ್ನಡದಲ್ಲಿ ‘ನಿನ್ನ ಹೆಸರು’ ಎನ್ನಬೇಕೋ ‘ನಿಮ್ಮ ಹೆಸರು’ ಎನ್ನಬೇಕೋ ತೀರ್ಮಾನಿಸದೆ ಒಂದು ಹೆಜ್ಜೆ ಮುಂದಿಡುವಂತಿಲ್ಲ.

ಕ್ವೇಕರರ ಚರಿತ್ರೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡವರಿಗೆ ‘ಯು’, ಆಳುಗಳಿಗೂ ಆಪ್ತರಿಗೂ ‘ದೌ’ ಎಂಬ ಭೇದ ನಮ್ಮ ನೀವು–ನೀನುಗಳ ಹಾಗೆಯೇ ಇತ್ತು. ಒಬ್ಬನನ್ನೇ ಬಹುವಚನದಲ್ಲಿ ಕರೆಯುವುದು ಸತ್ಯಕ್ಕೆ ದೂರವಾದದ್ದು, ಅಹಂಕಾರಕ್ಕೆ ಉಪಚಾರ ಮಾಡುವುದು ಎಂದು ಕ್ವೇಕರರು ನ್ಯಾಯಾಧೀಶರನ್ನೂ ‘ದೌ’ ಎಂದೇ ಕರೆದರು, ಅವರ ಮುಂದೆ ಟೋಪಿ ತೆಗೆಯಲೂ ಒಪ್ಪಲಿಲ್ಲ, ಅದಕ್ಕಾಗಿ ಏಟು, ಸೆರೆವಾಸಗಳನ್ನೂ ಅನುಭವಿಸಿದರು. 1660ರಲ್ಲಿ ಫಾಕ್ಸ್ ಮತ್ತು ಇಬ್ಬರು ಸಂಗಡಿಗರು ಹಲವಾರು ಭಾಷೆಗಳ ಉದಾಹರಣೆ ಕೊಟ್ಟು, ಏಕವಚನ–ಬಹುವಚನಗಳ ಭೇದವನ್ನು ಪಂಡಿತರಿಗೇ ಕಲಿಸುವ ಒಂದು ಪುಸ್ತಕವನ್ನು ಪ್ರಕಟಿಸಿದರು. ವ್ಯಾಕರಣದ ಒಂದು ಪ್ರಶ್ನೆಗೆ ಜನ ಜೈಲಿಗೆ ಹೋದದ್ದನ್ನು ಓದಿದಾಗ ಭಾಷೆಯ ಬಗ್ಗೆ ಕಾಳಜಿ ಇರುವ ಯಾರಿಗಾದರೂ ಮನಸ್ಸು ತುಂಬಿಬರುತ್ತದೆ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಆ ರೂಢಿ ಬಹುಮಟ್ಟಿಗೆ ಕ್ವೇಕರರ ಮನೆಯೊಳಗಿನ ಮಾತಾಗಿ ಉಳಿದಿತ್ತು.

ಕನ್ನಡದಲ್ಲಿ ಏಕವಚನ ಎರಡು ದಿಕ್ಕಿಗೆ ಹರಿಯುತ್ತದೆ. ತಾಯಿಗೆ, ದೇವರಿಗೆ ‘ನೀನು’ ಎನ್ನುತ್ತೇವೆ. ‘ಏಕವಚನದಲ್ಲಿ ಮಾತಾಡಿದ’ ಎಂದು ಜಗಳಕ್ಕೂ ನಿಲ್ಲುತ್ತೇವೆ. ಹಳೆ ಮೈಸೂರಿನ ಕಡೆ ದೊಡ್ಡ ಮನೆತನದ ಎಳೆಯರನ್ನೂ ‘ಬುದ್ಧಿ’ ಎಂದು ಬಹುವಚನದಲ್ಲಿ ಕರೆಯುತ್ತಿದ್ದುದುಂಟು. ಆ ಲೆಕ್ಕದಲ್ಲಿ ಯುವರಾಜನಿಗೆ ‘ನಿಮ್ಮ’ ಎಂಬುದೇ ಸಹಜವೆಂದು ಹಿರಿಯರೊಬ್ಬರು ನನಗೆ ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಉಳಿದ ಹುಡುಗರಿಗೆ ‘ನಿನ್ನ’, ಅವನೊಬ್ಬನಿಗೆ ‘ನಿಮ್ಮ’ ಎಂದುಬಿಟ್ಟರೆ ಆ ಹೆಸರು ಕೊಟ್ಟ ಉದ್ದೇಶವೇ ಬಿದ್ದುಹೋಗುತ್ತದೆ. ಬದುಕಿನಲ್ಲಿ ಒಂದು ಸಲವಾದರೂ ಎಲ್ಲರ ಜೊತೆ ಸಮಾನನಾಗಿ ಕೂರುವ ಅನುಭವ ಅವನಿಗಾಗಲಿ ಎಂಬುದು ಆ ಉಪಾಧ್ಯಾಯಿನಿಯ ಆಸೆಯಾಗಿತ್ತು.

ಹುಡುಗನ ಉತ್ತರದಲ್ಲಿರುವ ‘ಪ್ರಿನ್ಸ್’ ಪದವನ್ನು ಹಾಗೆಯೇ ಉಳಿಸಿದ್ದೇನೆ. ‘ನಾನು ಯುವರಾಜ’ ಎಂದರೆ ಪದವಿಯನ್ನು ಮುಂದೆ ಮಾಡಿದಂತೆ ಕೇಳುತ್ತದೆ. ಅವನು ಪದವಿಯನ್ನು ಸಾರುತ್ತಿರಲಿಲ್ಲ, ತನಗೆ ಗೊತ್ತಿದ್ದ ತನ್ನ ಹೆಸರನ್ನು ಹೇಳುತ್ತಿದ್ದ ಎಂದೇ ನಾನು ಓದಿಕೊಂಡಿದ್ದೇನೆ. ‘ನಾನು ರಾಜಕುಮಾರ’ ಎಂದರೆ ನಮ್ಮಲ್ಲಿ ಅದು ನಿಜಕ್ಕೂ ಹೆಸರೇ ಆಗುತ್ತದೆ. ಅದು ಇಲ್ಲಿ ನೆರವೋ ತೊಡಕೋ ಎಂದು ನನಗೆ ನಿರ್ಧರಿಸಲಾಗುತ್ತಿಲ್ಲ. ಹನ್ನೆರಡರ ಮಕ್ಕಳಿಗೆ ದಿನವೂ ಪಾಠ ಹೇಳುವವರು ಈ ಎರಡು ಸಾಲುಗಳನ್ನು ಗಟ್ಟಿಯಾಗಿ ಓದಿ ನೋಡಿ, ಯಾವುದು ಬಾಯಿಗೆ ಬರುತ್ತದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.