ಸೂಡಾನಿನ ಸ್ನೇಹಿತರು ತಮ್ಮ ನಾಡಿನ ಹಕ್ಕುಗಳ ಬಗ್ಗೆ ದನಿ ಎತ್ತಬೇಕು ಅಂತಿದ್ದಾರೆ. ಬೆಂಗಳೂರಿನವರು ಹೇಗೆ ಜೊತೆ ನಿಲ್ಲಬೇಕು?

ಪ್ರಶ್ನೆ: ಹೆಣ್ಣೂರು ಓದುಗರ ಬಳಗ

ಎಲ್ಲರಿಗೂ ನಮಸ್ಕಾರ. ಹೆಣ್ಣೂರು, ಕೊತ್ತನೂರು ಕಡೆ ನಮ್ಮದೊಂದು ಸಣ್ಣ ಬಳಗವಿದೆ. ಹನ್ನೆರಡು ಜನ, ನೋಂದಣಿ ಮಾಡಿಸಿಲ್ಲ. ಇಲ್ಲೇ ಬಾಡಿಗೆಗಿರುವ ಸೂಡಾನಿನ ಒಂಬತ್ತು ಜನ ನಮ್ಮ ಜೊತೆ ಸೇರುತ್ತಾರೆ. ಏಳು ಜನರದ್ದು ಸ್ಟೂಡೆಂಟ್ ವೀಸಾ, ಇನ್ನಿಬ್ಬರ ಬಳಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಕೊಟ್ಟ ಕಾರ್ಡ್ ಇದೆ. 2025ರ ಅಕ್ಟೋಬರ್ 26ಕ್ಕೆ ಪಶ್ಚಿಮ ಸೂಡಾನಿನ ಡಾರ್ಫರ್ ಪ್ರದೇಶದ ಎಲ್ ಫಾಶರ್ ಪಟ್ಟಣ, ಸೂಡಾನ್ ಸೇನೆಯ ವಿರುದ್ಧ ಹೋರಾಡುವ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಕೈಸೇರಿದ ಮೇಲೆ ಅವರಲ್ಲಿ ಒಬ್ಬರ ಅಣ್ಣನ ಸುಳಿವೇ ಇಲ್ಲ. ಊರಿಂದ ಬಂದ ವಿಡಿಯೊಗಳು ಎಲ್ಲರ ಫೋನಿನಲ್ಲೂ ಇವೆ.

ಟೌನ್‌ಹಾಲ್ ಮುಂದೆ ಒಂದು ಮೆರವಣಿಗೆ ಮಾಡೋಣ, ಖರ್ಚಿಗೆ ಎಲ್ಲರೂ ಐನೂರು ಹಾಕೋಣ ಎಂದು ಮಾತಾಗಿದೆ. ವಿಡಿಯೊಗಳನ್ನು ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು, ಯಾವುದು ಮೊದಲು ಯಾವುದು ಆಮೇಲೆ, ಏನು ಮಾಡಿದರೆ ಅವರಿಗೇ ತೊಂದರೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಕಬ್ಬನ್‌ಪೇಟೆ ಕಾನೂನು

ಮೆರವಣಿಗೆ ಸದ್ಯಕ್ಕೆ ಬೇಡ. ಹಾಗೇಕೆ ಅಂತೀನಿ, ಕೇಳಿ.

ಮೊದಲನೆಯದಾಗಿ ಟೌನ್‌ಹಾಲ್ ಮುಂದೆ ಆಗುವುದೇ ಇಲ್ಲ. ಬೆಂಗಳೂರು ನಗರಕ್ಕೆ 2021ರಲ್ಲಿ ಬಂದ ಆದೇಶದ ಪ್ರಕಾರ ಧರಣಿ, ಪ್ರತಿಭಟನೆ ಏನಿದ್ದರೂ ಪೊಲೀಸರ ಅನುಮತಿ ಪಡೆದು ಫ್ರೀಡಂ ಪಾರ್ಕ್ ಒಳಗೇ ಮಾಡಬೇಕು. ಇದು ನಿಮಗೆ ಮಾತ್ರವಲ್ಲ, ಎಲ್ಲರಿಗೂ.

ಅದಕ್ಕಿಂತ ದೊಡ್ಡ ವಿಷಯ ಸಂವಿಧಾನದ್ದು. ಮಾತಿನ ಸ್ವಾತಂತ್ರ್ಯ, ಶಾಂತಿಯಿಂದ ಸಭೆ ಸೇರುವ ಹಕ್ಕು 19ನೇ ವಿಧಿಯಲ್ಲಿವೆ, ಅವು ಭಾರತದ ಪ್ರಜೆಗಳಿಗೆ ಮಾತ್ರ. ಪರದೇಶದವರಿಗೂ ಸಿಗುವುದು 14 ಮತ್ತು 21ನೇ ವಿಧಿಗಳು: ಕಾನೂನಿನ ಮುಂದೆ ಸಮಾನತೆ, ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ. 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಕೋಲ್ಕತ್ತದಲ್ಲಿ ಪೋಲೆಂಡಿನ ಒಬ್ಬ ವಿದ್ಯಾರ್ಥಿಗೆ ರ‍್ಯಾಲಿಯಲ್ಲಿ ಕಾಣಿಸಿಕೊಂಡ ಕಾರಣಕ್ಕೆ ದೇಶ ಬಿಡುವ ನೋಟಿಸ್ ಬಂತು. 2020ರ ಮಾರ್ಚ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಆ ನೋಟಿಸನ್ನು ರದ್ದು ಮಾಡಿತು, ನಿಜ. ಆದರೆ ಹೈಕೋರ್ಟಿಗೆ ಹೋಗಿ ಗೆದ್ದು ಬರುವ ಶಕ್ತಿ, ಸಮಯ, ದುಡ್ಡು ನಿಮ್ಮ ಒಂಬತ್ತು ಜನರಲ್ಲಿ ಎಷ್ಟು ಮಂದಿಗಿದೆ? ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಹಾಗಾಗಿ ಯುಎನ್‌ಎಚ್‌ಸಿಆರ್ ಕಾರ್ಡ್ ವೀಸಾಕ್ಕೆ ಬದಲಿಯಲ್ಲ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ. ವೀಸಾ ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದ್ದರಿಂದ ಮೊದಲ ಕೆಲಸ ಇಷ್ಟೇ: ಒಂಬತ್ತೂ ಜನರ ಪಾಸ್‌ಪೋರ್ಟ್, ವೀಸಾ, ನೋಂದಣಿ ಯಾವಾಗ ಮುಗಿಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಲ್ಲಕ್ಕಿಂತ ಮುಂಚೆ ಮುಗಿಯುವುದು ಮೇಲೆ ಬರಲಿ. ಇ-ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ಸೇವೆ) ಅರ್ಜಿ ಬಾಕಿ ಇರುವವರು ಆ ಕೆಲಸ ಮುಗಿಯುವ ತನಕ ಯಾವ ಸಭೆಯಲ್ಲೂ ಮುಂದೆ ನಿಲ್ಲುವುದು ಬೇಡ. ಬೇರೆ ಊರಿನ ಸೂಡಾನಿ ಗೆಳೆಯರು ಬಂದು ನಿಮ್ಮ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು, ಎಲ್ಲರೂ ಸಿ ಫಾರ್ಮ್ ಅಂತ ಕರೆಯುವುದು ಇದನ್ನೇ. ಮನೆಗೆ ಬಂದ ನೆಂಟರಲ್ಲವೇ ಎಂದು ಜನ ಇದನ್ನು ಬಿಟ್ಟುಬಿಡುತ್ತಾರೆ, ಕೊನೆಗೆ ತೊಂದರೆ ಆ ನೆಂಟರಿಗೇ.

ಐನೂರು ರೂಪಾಯಿ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆ ಪ್ರಕಾರ ವಿದೇಶಿ ಪ್ರಜೆ ಇಲ್ಲೇ ಕೂತು, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಆ ನೋಂದಣಿ ಇರುವ ಸಂಸ್ಥೆಗಳು ಕೂಡ ಅದನ್ನು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. ನಿಮ್ಮ ಬಳಗಕ್ಕೆ ಆ ನೋಂದಣಿ ಇಲ್ಲ. ಹಾಲ್ ಬಾಡಿಗೆ, ಬ್ಯಾನರ್, ಟೀ ಎಲ್ಲದರ ಖರ್ಚೂ ಭಾರತೀಯರ ಕೈಯಿಂದಲೇ ಆಗಲಿ, ರಸೀದಿ ಇಟ್ಟುಕೊಳ್ಳಿ. ಹೊರದೇಶದ ನೆಂಟರು ಗೂಗಲ್ ಪೇಗೆ ಕಳಿಸುತ್ತೇವೆ ಅಂದರೂ ಬೇಡ ಅನ್ನಿ.

ಉತ್ತರ 2: ದಾಖಲೆ ಮುಖ್ಯ

ಮೇಲಿನ ಮಾತಿಗೆ ನನ್ನದೂ ಸಹಮತ. ಬೀದಿಗಿಂತ ದಾಖಲೆಯ ಕೆಲಸದಲ್ಲೇ ಬೆಂಗಳೂರಿನವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಡಾರ್ಫರ್‌ನಲ್ಲಿ 2003–04ರಲ್ಲಿ ನಡೆದ ಕೃತ್ಯಗಳಿಗೆ ಅಲಿ ಕುಶೈಬ್ ಎಂಬ ಮಿಲಿಶಿಯಾ ನಾಯಕ ತಪ್ಪಿತಸ್ಥನೆಂದು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ತೀರ್ಪು ಕೊಟ್ಟಿದ್ದು 2025ರ ಅಕ್ಟೋಬರ್‌ನಲ್ಲಿ. 27 ಆರೋಪಗಳು, ನಡುವೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ. ಈಗ ನೀವು ಸರಿಯಾಗಿ ಎತ್ತಿಟ್ಟ ಒಂದು ವಿಡಿಯೊ ಅಷ್ಟು ದಿನ ಬಾಳಬೇಕು.

ವಿಡಿಯೊ ಹಾಳಾಗುವುದು ಹೆಚ್ಚಾಗಿ ನಮ್ಮ ಕೈಯಲ್ಲೇ. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಫೈಲ್ ಕುಗ್ಗುತ್ತದೆ, ಹೆಸರು ಬದಲಾಗುತ್ತದೆ, ಯಾವಾಗ ಎಲ್ಲಿ ಚಿತ್ರಿಸಿದ್ದು ಎಂಬ ಒಳಮಾಹಿತಿ ಅಳಿಸಿಹೋಗುತ್ತದೆ. ಚಿತ್ರಿಸಿದವರ ಬಳಿ ಮೂಲ ಫೈಲ್ ಇನ್ನೂ ಇದ್ದರೆ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಲು ಹೇಳಿ, ಆಗ ಫೈಲ್ ಇದ್ದ ಹಾಗೆ ಬರುತ್ತದೆ. ಆದರೆ ಅದಕ್ಕಾಗಿ ಅವರು ಅಪಾಯಕ್ಕೆ ಬೀಳುವ ಹಾಗಿದ್ದರೆ ಕೇಳಲೇಬೇಡಿ. ಚೆಕ್‌ಪೋಸ್ಟ್‌ನಲ್ಲಿ ಫೋನ್ ತೆರೆಸಿ ನೋಡುವ ಕಡೆ ಆ ವಿಡಿಯೊ ಫೋನಿನಲ್ಲಿ ಉಳಿದಿರುವುದೇ ಜೀವಕ್ಕೆ ಕುತ್ತು.

ಬಂದ ಫೈಲನ್ನು ಮೊದಲು ಪೆನ್‌ಡ್ರೈವ್‌ಗೋ ಹಾರ್ಡ್‌ಡಿಸ್ಕ್‌ಗೋ ಹಾಕಿ. ತೆರೆದು ನೋಡುವುದಕ್ಕೆ ಬೇರೆ ಪ್ರತಿ ಮಾಡಿಕೊಳ್ಳಿ, ಮೂಲದ ಮೇಲೆ ಕೈ ಆಡಿಸಬೇಡಿ. ಮೂಲದ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಿರಿ, ಅದು ಫೈಲಿನ ಬೆರಳಚ್ಚು ಇದ್ದ ಹಾಗೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಕಮಾಂಡ್ ಮೊದಲಿನಿಂದಲೇ ಇರುತ್ತದೆ, ಬೇರೆ ಸಾಫ್ಟ್‌ವೇರ್ ಬೇಕಿಲ್ಲ. 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಈ ಥರ ನಮೂದು:

"ಎಸ್-07. 2025 ನವೆಂಬರ್ 3, ಸಂಜೆ 6.40ಕ್ಕೆ ಬಂತು. ಕೊಟ್ಟವರು: ಕ-3. ಅವರಿಗೆ ಬಂದದ್ದು ತಮ್ಮನಿಂದ, ಅಕ್ಟೋಬರ್ 28ರಂದು, ವಾಟ್ಸಾಪ್ ಮೂಲಕ. ಚಿತ್ರಿಸಿದವರು ಯಾರೆಂದು ಕ-3ಕ್ಕೆ ಗೊತ್ತಿಲ್ಲ. 1 ನಿಮಿಷ 12 ಸೆಕೆಂಡ್. ಹ್ಯಾಶ್ ಬರೆದಿದೆ. ಎರಡು ಕಡೆ ಪ್ರತಿ ಇಟ್ಟಿದೆ."

ಕ-3 ಯಾರು ಎಂಬ ಪಟ್ಟಿ ಬೇರೆ ಕಡೆ, ಬೇರೆಯವರ ಬಳಿ ಇರಲಿ. ಎರಡೂ ಒಂದೇ ಲ್ಯಾಪ್‌ಟಾಪ್‌ನಲ್ಲಿದ್ದರೆ ಸಂಕೇತ ಕೊಟ್ಟೂ ಪ್ರಯೋಜನವಿಲ್ಲ.

ಇನ್ನೊಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ. ಸೂಡಾನ್ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಹತ್ತೂವರೆಗೆ ಚಿತ್ರಿಸಿದ್ದನ್ನು ಬೆಂಗಳೂರಿನ ಫೋನ್ ಮರುದಿನ ನಸುಕಿನ ಎರಡು ಗಂಟೆ ಎಂದು ತೋರಿಸುತ್ತದೆ. ತಾರೀಖೇ ಬದಲಾಯಿತಲ್ಲ! ಯಾವ ಊರಿನ ಸಮಯ ಎಂದು ಪ್ರತಿ ಸಲ ಪಕ್ಕದಲ್ಲಿ ಬರೆಯಿರಿ.

ಹೇಳಿಕೆ ಬರೆದುಕೊಳ್ಳುವಾಗ ಕಣ್ಣಾರೆ ಕಂಡದ್ದು, ಇನ್ನೊಬ್ಬರಿಂದ ಕೇಳಿದ್ದು, ತಾವೇ ಊಹಿಸಿದ್ದು, ಈ ಮೂರನ್ನೂ ಬೆರೆಸಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ಇಲ್ಲಿ ಅಕ್ಷರಶಃ ಕೆಲಸದ ಮಾತು. ತಾರೀಖು ನೆನಪಿಲ್ಲ ಅಂದರೆ ಒತ್ತಾಯಿಸಬೇಡಿ, ಗೊತ್ತಿರುವ ಘಟನೆಗೆ ಕಟ್ಟಿ ಕೇಳಿ. ಯುದ್ಧ ಶುರುವಾದ 2023ರ ಏಪ್ರಿಲ್ 15 ರಂಜಾನ್ ಕೊನೆಯ ದಿನಗಳಲ್ಲಿ ಬಂತು. ಈದ್‌ಗಿಂತ ಮುಂಚೆಯಾ, ಆಮೇಲಾ? ಎಲ್ ಜಿನೈನಾ ಕಡೆಯವರಾದರೆ, ಪಶ್ಚಿಮ ಡಾರ್ಫರ್ ಗವರ್ನರ್ ಕೊಲೆಯಾದ ದಿನಕ್ಕಿಂತ (2023 ಜೂನ್ 14) ಹಿಂದೆಯಾ ಮುಂದೆಯಾ? ಹೀಗೆ ಕೇಳಿದರೆ ಎರಡು ಮೂರು ದಿನದ ಅಂತರಕ್ಕೆ ಬಂದು ನಿಲ್ಲುತ್ತದೆ. ಸಿಕ್ಕಿದ ಅಂತರವನ್ನೇ ಬರೆಯಿರಿ, ನಿಖರ ತಾರೀಖು ಹುಟ್ಟಿಸಬೇಡಿ.

ಒಬ್ಬರನ್ನು ಒಂದೇ ಸಲ, ಒಬ್ಬರೇ ಕೇಳಬೇಕು. ನಾಲ್ಕು ಜನ ನಾಲ್ಕು ಸಲ ಕೇಳಿದರೆ ನಾಲ್ಕು ಆವೃತ್ತಿ ಹುಟ್ಟುತ್ತವೆ, ಸಣ್ಣ ವ್ಯತ್ಯಾಸವೇ ಮುಂದೆ 'ಸುಳ್ಳು' ಎನಿಸಿಕೊಳ್ಳುತ್ತದೆ. ಯುಎನ್‌ಎಚ್‌ಸಿಆರ್ ಸಂದರ್ಶನ ಇನ್ನೂ ಆಗಬೇಕಿರುವವರ ವಿವರವಾದ ಹೇಳಿಕೆಯನ್ನು ವಕೀಲರನ್ನು ಕೇಳದೆ ಬರೆದುಕೊಳ್ಳಲೇಬೇಡಿ. ಅರಬ್ಬಿ ದುಭಾಷಿ ಯಾರಾಗಬೇಕು ಎಂದು ಹೇಳುವವರನ್ನೇ ಕೇಳಿ. ಡಾರ್ಫರ್‌ನ ಅರಬ್ಬೇತರ ಸಮುದಾಯಗಳಾದ ಮಸಾಲಿತ್, ಫುರ್, ಝಗಾವಾ ಜನರು ಎಲ್ಲರ ಮುಂದೆಯೂ ಬಾಯಿ ಬಿಡುವುದಿಲ್ಲ, ಅದಕ್ಕೆ ಅವರಿಗೆ ಕಾರಣಗಳಿವೆ. ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಕೇಳುವ ತರಬೇತಿ ನಿಮಗಿಲ್ಲ. ವೈದ್ಯರ, ವಕೀಲರ ಬಳಿ ಕರೆದೊಯ್ಯುವುದಷ್ಟೇ ನಿಮ್ಮ ಕೆಲಸ.

ಹೆಣ್ಣೂರು ಓದುಗರ ಬಳಗ

ಇಬ್ಬರಿಗೂ ತುಂಬಾ ಧನ್ಯವಾದ. ಮೆರವಣಿಗೆ ಕೈಬಿಟ್ಟೆವು. ಕಾಣೆಯಾದ ಅಣ್ಣನ ವಿಷಯಕ್ಕೆ ಯಾರನ್ನು ಕೇಳಬೇಕು? ತಮ್ಮ ಇಲ್ಲಿದ್ದಾರೆ, ತಾಯಿ ಗಡಿ ದಾಟಿ ಚಾಡ್‌ನಲ್ಲಿದ್ದಾರೆ. ಹೆಸರು ಹೊರಗೆ ಬಂದರೆ ಅಣ್ಣನಿಗೇ ಅಪಾಯವಾ ಎಂದು ಇಬ್ಬರಿಗೂ ಭಯ.

ಉತ್ತರ 3: ಜಿನೀವಾ ಅರ್ಜಿ

ಭಯ ಸರಿಯಾದದ್ದೇ. ಎರಡು ದಾರಿಗಳಿವೆ, ಒಂದಕ್ಕೊಂದು ಬೆರೆಸಬೇಡಿ.

ಮೊದಲನೆಯದು ರೆಡ್‌ಕ್ರಾಸ್‌ನ ಹುಡುಕಾಟ. ಕುಟುಂಬದವರು ಅರ್ಜಿ ಹಾಕಿದರೆ ಅವರ ಜಾಲದಲ್ಲಿ ಹುಡುಕುತ್ತಾರೆ. ಅಲ್ಲಿ ಯಾರ ಮೇಲೂ ಆರೋಪವಿಲ್ಲ, ಯಾವ ಹೇಳಿಕೆಯೂ ಪ್ರಕಟವಾಗುವುದಿಲ್ಲ. ತಾಯಿ ಚಾಡ್‌ನಲ್ಲೇ ಅರ್ಜಿ ಹಾಕಬಹುದು, ತಮ್ಮ ಇಲ್ಲಿಂದಲೂ ಹಾಕಬಹುದು. ಇಬ್ಬರ ಅರ್ಜಿಯಲ್ಲೂ ಹೆಸರಿನ ಅಕ್ಷರ ಒಂದೇ ಥರ ಇರಲಿ. ಹೆಚ್ಚಿನ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸೂಡಾನಿನಲ್ಲಿ ಮನೆತನದ ಹೆಸರೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ತನ್ನ ಹೆಸರು, ಅಪ್ಪನ, ಅಜ್ಜನ, ಮುತ್ತಜ್ಜನ ಹೆಸರು, ಹೀಗೆ ನಾಲ್ಕು. ನಾಲ್ಕನ್ನೂ ಅರಬ್ಬಿ ಲಿಪಿಯಲ್ಲಿ ಮೊದಲು ಬರೆಸಿ, ಆಮೇಲೆ ಇಂಗ್ಲಿಷಿನಲ್ಲಿ. ಮೊಹಮದ್ ಎಂಬ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ ಐದಾರು ಕಾಗುಣಿತ ಇವೆ, ಅರಬ್ಬಿಯಲ್ಲಿ ಒಂದೇ. ಮನೆಯಲ್ಲಿ ಕರೆಯುವ ಹೆಸರನ್ನೂ ಬರೆಯಿರಿ.

ಎರಡನೆಯದು ವಿಶ್ವಸಂಸ್ಥೆಯ ಬಲವಂತದ ಕಣ್ಮರೆ ಕುರಿತ ಕಾರ್ಯತಂಡ. ಅವರಿಗೆ ಕನಿಷ್ಠ ಐದು ಅಂಶ ಬೇಕೇ ಬೇಕು: ಪೂರ್ತಿ ಹೆಸರು, ಕಾಣೆಯಾದ ತಾರೀಖು (ದಿನ, ತಿಂಗಳು, ವರ್ಷ), ಹಿಡಿದೊಯ್ದ ಅಥವಾ ಕೊನೆಗೆ ಕಂಡ ಜಾಗ, ಯಾರು ಒಯ್ದರೆಂದು ನಂಬಿಕೆ, ಇಲ್ಲಿಯವರೆಗೆ ಹುಡುಕಿದ ಬಗೆ. ಕಾಣೆಯಾಗಿ ಮೂರು ತಿಂಗಳೊಳಗಾದರೆ ತುರ್ತು ದಾರಿಯಲ್ಲಿ ತೆಗೆದುಕೊಳ್ಳುತ್ತಾರೆ, ತಡ ಮಾಡಬೇಡಿ. ಅರ್ಜಿ ನಿಮ್ಮ ಬಳಗದಿಂದ ಹೋಗುವುದಾದರೆ ಕುಟುಂಬದ ಸ್ಪಷ್ಟ ಒಪ್ಪಿಗೆ ಬೇಕು. ತಮ್ಮ ಒಪ್ಪಿ ತಾಯಿ ಒಪ್ಪದಿದ್ದರೆ, ತಾಯಿ ಒಪ್ಪುವ ತನಕ ಕಾಯಿರಿ ಅನ್ನುವುದು ನನ್ನ ಅಭಿಪ್ರಾಯ. ಒಯ್ದವರು ಆರ್‌ಎಸ್‌ಎಫ್, ಸರಕಾರ ಅಲ್ಲವಲ್ಲ ಎಂದು ಬಿಡುವುದೂ ಬೇಡ. ಊರನ್ನು ಹಿಡಿತದಲ್ಲಿಟ್ಟುಕೊಂಡು ಸರಕಾರದ ಹಾಗೆ ನಡೆಯುವ ಗುಂಪುಗಳ ಪ್ರಕರಣಗಳನ್ನೂ ಅವರು ದಾಖಲಿಸುತ್ತಾರೆ.

ವಿಶ್ವಸಂಸ್ಥೆಯ ವಿಶೇಷ ವರದಿಗಾರರಿಗೆ (ಪತ್ರಕರ್ತರಲ್ಲ, ಮಾನವ ಹಕ್ಕುಗಳ ತಜ್ಞರು) ಆನ್‌ಲೈನ್‌ನಲ್ಲಿ ದೂರು ಕೊಡುವುದು ಇನ್ನೂ ಸುಲಭ, ಅಲ್ಲಿಯ ಕೋರ್ಟ್‌ಗಳಿಗೆ ಮೊದಲು ಹೋಗಿರಬೇಕೆಂಬ ನಿಯಮವಿಲ್ಲ. ಆದರೆ ಒಂದು ಮಾತು ಚೆನ್ನಾಗಿ ಅರ್ಥವಾಗಿರಬೇಕು: ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡುತ್ತಾರೆ, ತೊಂದರೆಗೊಳಗಾದವರ ಹೆಸರನ್ನು ಹಾಗೆ ಇಡುವುದಿಲ್ಲ. ಆ ಹೆಸರು ಸರಕಾರಕ್ಕೆ ಬರೆಯುವ ಪತ್ರದಲ್ಲೇ ಇರುತ್ತದೆ, 60 ದಿನದ ನಂತರ ಪತ್ರ ಸಾರ್ವಜನಿಕವಾಗುತ್ತದೆ. ಬೇಡ ಎನ್ನುವುದಾದರೆ ಫಾರ್ಮ್‌ನಲ್ಲೇ ಸ್ಪಷ್ಟವಾಗಿ ಬರೆಯಬೇಕು. ಇದನ್ನು ಅವರ ಭಾಷೆಯಲ್ಲಿ ವಿವರಿಸಿ, ಅವರ ಬಾಯಲ್ಲೇ ತಿರುಗಿ ಹೇಳಿಸಿ. ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಆಗಲಿಲ್ಲ.

ವಿಡಿಯೊಗಳಿಗೆ ಸೂಡಾನ್ ಸತ್ಯಶೋಧನಾ ಮಿಷನ್ ಇದೆ, ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ 2023ರ ಅಕ್ಟೋಬರ್‌ನಲ್ಲಿ ರಚಿಸಿದ್ದು. ಹೇಗ್‌ನ ಅಪರಾಧ ನ್ಯಾಯಾಲಯದ ಅಧಿಕಾರ ಸೂಡಾನಿನ ಮಟ್ಟಿಗೆ ಡಾರ್ಫರ್‌ಗೆ ಮಾತ್ರ, 2005ರ ಭದ್ರತಾ ಮಂಡಳಿ ನಿರ್ಣಯದಿಂದ ಬಂದದ್ದು. ಡಾರ್ಫರ್‌ನ ಹೊರಗಿರುವ ರಾಜಧಾನಿ ಖಾರ್ಟೂಮ್‌ನ ವಿಡಿಯೊ ಅಲ್ಲಿಗೆ ಕಳಿಸಿ ಕಾಯುತ್ತಾ ಕೂರಬೇಡಿ. ಮೊದಲ ಪತ್ರದಲ್ಲಿ ಏನೇನಿದೆ ಎಂಬ ಒಂದು ಪುಟದ ಪಟ್ಟಿ ಸಾಕು, ಫೈಲುಗಳನ್ನು ಅವರು ಹೇಳಿದ ಸುರಕ್ಷಿತ ದಾರಿಯಲ್ಲೇ ಕೊಡಿ.

ಉತ್ತರ 4: ಮಲ್ಲೇಶ್ವರಂ ಪತ್ರ

ಪ್ರಜೆಗಳಾದ ನಾವೇ ಮಾಡಬಹುದಾದ ಒಂದು ಕೆಲಸವನ್ನು ಯಾರೂ ಹೇಳಲಿಲ್ಲ. ಕರ್ನಾಟಕದಿಂದ 28 ಲೋಕಸಭಾ ಸದಸ್ಯರಿದ್ದಾರೆ, ರಾಜ್ಯಸಭೆಗೆ 12. ನಿಮ್ಮ ಸಂಸದರ ಆಪ್ತ ಸಹಾಯಕರಿಗೆ ಮನವಿಪತ್ರದ ಬದಲು ಸಿದ್ಧ ಪ್ರಶ್ನೆಯನ್ನೇ ಕೊಡಿ. ಲೋಕಸಭೆಯ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರುವ ಹಾಗಿಲ್ಲ, ಕನಿಷ್ಠ 15 ದಿನ ಮುಂಚೆ ಸೂಚನೆ ಹೋಗಬೇಕು. ಹಾಗಾಗಿ ಅಧಿವೇಶನದ ತಾರೀಖು ಪ್ರಕಟವಾದ ವಾರವೇ ಹೋಗಿ. ಕೇಳುವುದು ಚಿಕ್ಕದಾಗಿರಲಿ: ಭಾರತದಲ್ಲಿ ಓದುತ್ತಿರುವ ಸೂಡಾನ್ ವಿದ್ಯಾರ್ಥಿಗಳ ವೀಸಾ ವಿಸ್ತರಣೆಗೆ ಸರಕಾರ ಏನು ವ್ಯವಸ್ಥೆ ಮಾಡಿದೆ, ಪರಿಹಾರ ಸಾಮಗ್ರಿ ಕಳಿಸಿದೆಯೇ. ಪ್ರಶ್ನೆಯ ಒಕ್ಕಣೆಯನ್ನು ಸೂಡಾನಿನವರೇ ಮೊದಲು ಬರೆಯಲಿ, ನೀವು ಭಾಷೆ ತಿದ್ದಿ. ಅವರ ನಾಡಿನ ಮಾತು ಅವರದೇ ಆಗಿರಬೇಕು.

ಸಭೆ ಬೇಕೇ ಬೇಕು ಅನಿಸಿದರೆ ಗಾಂಧಿ ಭವನದಂಥ ಕಡೆ ಒಳಾಂಗಣದಲ್ಲಿ ಮಾಡಿ. ಭಾರತೀಯರ ಹೆಸರಲ್ಲೇ ಹಾಲ್ ಬುಕ್ ಮಾಡಿ.

ಕಬ್ಬನ್‌ಪೇಟೆ ಕಾನೂನು

ಮಲ್ಲೇಶ್ವರಂ ಅವರ ಮಾತಿಗೆ ಒಂದು ಸೇರ್ಪಡೆ. ಸಭೆಯ ಫೋಟೊ ತೆಗೆಯುವವರು ಒಬ್ಬರೇ ಇರಲಿ, ಅದೂ ವೇದಿಕೆಯ ಕಡೆಗೆ ಮಾತ್ರ. ಪ್ರೇಕ್ಷಕರ ಫೋಟೊ ಬೇಡವೇ ಬೇಡ. ಮುಖ ಮಸುಕು ಮಾಡಿದರೆ ಸಾಕಾಗುವುದಿಲ್ಲ. ಕಾಲೇಜಿನ ಟ್ಯಾಗ್, ಬ್ಯಾಗಿನ ಮೇಲಿನ ಹೆಸರು, ಕಿಟಕಿಯಾಚೆಯ ಬೋರ್ಡ್ ಸಾಕು ಆಳನ್ನು ಗುರುತಿಸಲು. ಇಲ್ಲಿ ಹಾಕಿದ ಫೋಟೊ ಅದೇ ಸಂಜೆ ಅವರ ಊರಿನಲ್ಲಿ, ಬೇಡದವರ ಫೋನಿನಲ್ಲೂ ಇರುತ್ತದೆ. ಯಾರನ್ನಾದರೂ ಠಾಣೆಗೆ ಕರೆದರೆ ಉಚಿತ ಕಾನೂನು ನೆರವಿನ 15100ಕ್ಕೆ ಫೋನ್ ಮಾಡಿ. ಆ ಸಂಖ್ಯೆಯನ್ನು ಒಂಬತ್ತೂ ಜನ ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಲಿ, ಫೋನ್ ಅವರ ಕೈಯಲ್ಲಿ ಇಲ್ಲದೆಯೂ ಇರಬಹುದು.